ಮ್ಯಾನೇಜರ್ ಇಲ್ಲದ ತಂಡ

ಮ್ಯಾನೇಜರ್‌ಗಳನ್ನ ತೆಗೆದುಬಿಟ್ರೆ ತಂಡ ತಾನಾಗೇ ನಡೆಯುತ್ತೆ ಅನ್ನೋರು ನೆದರ್ಲೆಂಡ್ಸ್‌ನ ಬ್ಯೂರ್ಟ್‌ಜೋರ್ಗ್ ಕಡೆ ಸರಿಯಾಗಿ ನೋಡಬೇಕು. ಯೋಸ್ ಡ ಬ್ಲಾಕ್ 2006ರಲ್ಲಿ ಕಟ್ಟಿದ, ಮನೆಗೇ ಹೋಗಿ ಶುಶ್ರೂಷೆ ಮಾಡೋ ನರ್ಸ್‌ಗಳ ಸಂಸ್ಥೆ ಅದು. ತಂಡಕ್ಕೆ ಹೆಚ್ಚೆಂದರೆ 12 ಜನ, ಮೀರಿದ್ರೆ ಎರಡಾಗಬೇಕು. ರೋಗಿಗಳ ಹಂಚಿಕೆ, ಡ್ಯೂಟಿ ಪಟ್ಟಿ, ಹೊಸಬರ ನೇಮಕ ಎಲ್ಲ ಅವರದೇ. ಕೋಚ್ ಇದ್ದಾರೆ, ಆದರೆ ಆದೇಶ ಕೊಡೋ ಹಾಗಿಲ್ಲ. ಸಂಬಳ, ಬಿಲ್ಲಿಂಗ್ ಚಿಕ್ಕದೊಂದು ಕೇಂದ್ರ ಕಚೇರಿಯಲ್ಲಿ.

ಈ ಮಾದರಿ ನಕಲು ಮಾಡೋರು ಎಡವೋದು ಇಲ್ಲೇ. ಮ್ಯಾನೇಜರ್ ಹುದ್ದೆ ತೆಗೀತಾರೆ, ಖರ್ಚಿಗೆ ಒಪ್ಪಿಗೆ ಸಹಿ ಹಾಕೋ ಅಧಿಕಾರ ಮಾತ್ರ ಮೇಲೇ ಉಳಿಸ್ಕೋತಾರೆ. ಲೆಕ್ಕ ಕೆಳಗಿನವರಿಗೆ ಕಾಣಲ್ಲ. ಆಗ ದೊಡ್ಡ ಗಂಟಲಿನವರೇ ಬಾಸ್, ಅದೂ ಬೋರ್ಡ್ ಇಲ್ಲದ ಬಾಸ್! ಅದಕ್ಕೇ ಜಗಳ ಬಂದಾಗ ಯಾರು, ಎಷ್ಟು ದಿನದಲ್ಲಿ ತೀರ್ಮಾನಿಸಬೇಕು ಅನ್ನೋದನ್ನ ಹುದ್ದೆ ತೆಗೆಯೋ ಮೊದಲೇ ಬರೆದಿಡಬೇಕು.