ರೈಟರ್ ಹೇಳಿದ ಗುರುವಾರ

ಟೀವಿಯಲ್ಲಿ ಕೆಲಸ ಅಂದ ಕೂಡಲೇ ಚಿಕ್ಕಮಗಳೂರಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ, ‘ಯಾವ ಪಾತ್ರ?’. ಪಾತ್ರ ಅಲ್ಲ ಮಾರಾಯ್ರೆ, ಪಾತ್ರೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಇಡೀ ಯೂನಿಟ್ಟಿಗೆ ತಿಂಡಿ ಬಂತಾ ಅಂತ ಮುಚ್ಚಳ ತೆಗೆದು ನೋಡುವವನು ನಾನು.

ಒಂದು ಸೀರಿಯಲ್‌ನಲ್ಲಿ ಎರಡು ವರ್ಷ ಪ್ರೊಡಕ್ಷನ್ ಅಸಿಸ್ಟೆಂಟ್ ಆಗಿದ್ದೆ. ಡೈರೆಕ್ಟರ್‌ಗೆ ಸೀನ್ ಇದೆ, ಕ್ಯಾಮೆರಾದವರಿಗೆ ಕ್ಯಾಮೆರಾ ಇದೆ, ಮಿಕ್ಕಿದ್ದೆಲ್ಲ ನಮ್ಮದು. ಜನರೇಟರ್‌ಗೆ ಡೀಸೆಲ್, ಜೂನಿಯರ್ ಆರ್ಟಿಸ್ಟ್‌ಗಳಿಗೆ ಬಾಟಾ ಅಂದರೆ ದಿನದ ಭತ್ಯೆ, ಬಾಟಾಕ್ಕೆ ವೋಚರ್, ವೋಚರ್‌ಗೆ ಸಹಿ, ಆಮೇಲೆ ಶಾಟ್ ನಡೆಯುವಾಗ ರಸ್ತೆ ತಿರುವಿನಲ್ಲಿ ನಿಂತು ಬಸ್ ಡ್ರೈವರ್‌ಗೆ ಕೈಮುಗಿದು ‘ಅಣ್ಣಾ ಎರಡೇ ನಿಮಿಷ’ ಅನ್ನುವುದು. ಎರಡು ನಿಮಿಷ ಯಾವತ್ತೂ ಎರಡು ನಿಮಿಷ ಆಗಿಲ್ಲ, ಅದು ಡ್ರೈವರ್‌ಗೂ ಗೊತ್ತಿತ್ತು.

ಕಥೆಯಲ್ಲಿ ಹೀರೋ ಕಾಫಿ ತೋಟದವನು. ಆದರೆ ಶೂಟಿಂಗ್ ಪೂರ್ತಿ ಬೆಂಗಳೂರಿನ ಒಂದು ಮನೆಯಲ್ಲಿ, ಗೋಡೆಗೆ ಒಂದು ತೋಟದ ಫೋಟೋ ಹಾಕಿ. ದಿನಾ ಪ್ರಸಾರ ಆಗುವ ಸೀರಿಯಲ್ ಅಂದರೆ ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಸುಮಾರು 22 ನಿಮಿಷ ದಿನವೂ ಬೇಕು. ಬ್ಯಾಂಕಿಂಗ್ ಅಂತ ಒಂದಷ್ಟು ಎಪಿಸೋಡ್ ಮುಂಚೆಯೇ ಮಾಡಿಟ್ಟಿರುತ್ತಾರೆ. ಔಟ್‌ಡೋರ್ ಹೋದರೆ ಅದು ಕರಗುತ್ತದೆ, ಮ್ಯಾನೇಜರ್ ಮುಖ ಕಪ್ಪಾಗುತ್ತದೆ. ಹಾಗಾಗಿ ಮೂಡಿಗೆರೆ ಕಡೆಗೆ ಬರೀ ಎರಡು ದಿನದ ಶೆಡ್ಯೂಲ್ ಅಂತ ಆಯಿತು. ಡೈರೆಕ್ಟರ್‌ಗೆ ಕಾಫಿ ಹೂವು ಬೇಕು. ಇಡೀ ತೋಟ ಬೆಳ್ಳಗೆ ಇರಬೇಕಂತೆ. ನೀನು ಆ ಕಡೆಯವನಲ್ವಾ, ಡೇಟ್ ಹೇಳು ಅಂದರು.

ಹೂವಿಗೆ ಕಾಲ್‌ಶೀಟ್ ಕೊಡುವವರು ಯಾರು? ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ ಬೀಳಬೇಕು, ಬಿದ್ದು ಏಳೆಂಟು ದಿನಕ್ಕೆ ರೋಬಸ್ಟಾ ಜಾತಿಯ ಕಾಫಿ ಅರಳುತ್ತದೆ, ಅರೇಬಿಕಾ ಆದರೆ ಇನ್ನೊಂದೆರಡು ದಿನ ಜಾಸ್ತಿ. ಮಳೆ ನಂಬಿ ಡೇಟ್ ಕೊಟ್ಟರೆ ನನ್ನ ಕೆಲಸ ಹೋಯಿತು. ಆದರೆ ನೀರಿನ ಅನುಕೂಲ ಇರುವ ರೋಬಸ್ಟಾ ತೋಟಗಳಲ್ಲಿ ಮಳೆಗೆ ಕಾಯುವುದಿಲ್ಲ, ಸ್ಪ್ರಿಂಕ್ಲರ್ ಹಾಕಿ ತಾವೇ ಹೂ ಅರಳಿಸುತ್ತಾರೆ. ಅಂಥದ್ದೊಂದು ತೋಟ ಹುಡುಕಿದೆ. ಯಾವತ್ತು ನೀರು ಹಾಕುತ್ತೀರಿ ಅಂತ ಅಲ್ಲಿನ ರೈಟರ್‌ಗೆ ದಿನಾ ಫೋನ್ ಮಾಡಿದೆ. ಒಂದು ದಿನ ಹಾಕಿದರು. ಎಣಿಸಿದೆ.

‘ಸಾರ್, ಗುರುವಾರ ಅರಳುತ್ತಂತೆ, ರೈಟರ್ ಹೇಳಿದ್ರು’ ಅಂದೆ.

ಡೈರೆಕ್ಟರ್ ಕಿಡಿಕಿಡಿ. ‘ಅವನಿಗೆ ನಾಳೆ ಸೀನೇ ಬರೆಯಕ್ಕಾಗಿಲ್ಲ, ಹೂವಿನ ವಿಷಯ ಅವನಿಗ್ಯಾಕೆ?’

ಮಲೆನಾಡಿನ ತೋಟದಲ್ಲಿ ರೈಟರ್ ಅಂದರೆ ಆಳುಗಳ ಹಾಜರಿ, ಲೆಕ್ಕ ನೋಡುವವರು ಅಂತ ಅರ್ಥ ಮಾಡಿಸುವ ಹೊತ್ತಿಗೆ ಟೀ ಆರಿ ಹೋಗಿತ್ತು. ಡೈಲಾಗ್ ಬರೆಯುವ ರೈಟರ್ ಪಾಪ ಪಕ್ಕದಲ್ಲೇ ಕೂತಿದ್ದರು.

ಗುರುವಾರ ಬೆಳಿಗ್ಗೆ ತೋಟದ ಗೇಟಿಗೆ ಬಂದಾಗ ಮಂಜು, ಏನೂ ಕಾಣುವುದಿಲ್ಲ. ಆದರೆ ವಾಸನೆ ಬಂತು, ಮಲ್ಲಿಗೆಯಂಥದ್ದೇ ಆದರೆ ಸ್ವಲ್ಪ ಭಾರ. ನನಗೆ ಆಗಲೇ ಜೀವ ಬಂದಿತ್ತು. ಎಂಟೂವರೆಗೆ ಮಂಜು ಎದ್ದಾಗ ರೆಂಬೆ ರೆಂಬೆಗೂ ಹೂವಿನ ಸರ ಸುತ್ತಿದ ಹಾಗಿತ್ತು, ಮೇಕಪ್ ಅಣ್ಣ ಕೂಡ ಬ್ರಷ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು.

ಕಷ್ಟ ಶುರುವಾಗಿದ್ದು ಆಮೇಲೆ. ಹೂ ಬಂದಾಗ ಗಿಡದ ಮಧ್ಯೆ ಓಡಾಡಬಾರದು ಅಂತ ಸಾಹುಕಾರರು ಮೊದಲೇ ಹೇಳಿದ್ದರು. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು, ಅದಕ್ಕೆ ಗಾಳಿ ಬೇಕು, ಜೇನುಹುಳ ಬೇಕು. ಹೀರೋಯಿನ್ ಮಾತ್ರ ಬೇಡ. ದಾರಿಯಲ್ಲೇ ನಿಂತು ತೆಗೆಯಿರಿ ಅಂದರು. ಸೌಂಡ್‌ನವರಿಗೆ ಜೇನುಹುಳದ ಝೇಂಕಾರವೇ ತಲೆನೋವು, ಹೆಡ್‌ಫೋನ್ ತೆಗೆದು ‘ಇದನ್ನ ಆಫ್ ಮಾಡಿ’ ಅಂತ ನನ್ನ ಕಡೆ ನೋಡಿದರು, ಅಭ್ಯಾಸಬಲ. ಅಷ್ಟರಲ್ಲಿ ಡೈರೆಕ್ಟರ್‌ಗೆ ಮಳೆ ಶಾಟ್ ನೆನಪಾಯಿತು. ಟ್ಯಾಂಕರ್ ತರಿಸಿದ್ದರು, ನನಗೂ ಹೇಳದೆ. ಅರಳಿದ ದಿನ ಹೂವು ನೆನೆದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ, ಆ ವರ್ಷದ ಫಸಲಿಗೇ ಹೊಡೆತ. ರೈಟರ್ ಹೋಗಿ ಟ್ಯಾಂಕರ್ ಮುಂದೆ ನಿಂತರು. ಕೂಗಲಿಲ್ಲ, ಏನೂ ಇಲ್ಲ, ಸುಮ್ನೆ ಕೊಡೆ ಊರಿಕೊಂಡು ನಿಂತರು. ಆವತ್ತು ನಾನು ಪ್ರೊಡಕ್ಷನ್ ಕಡೆಯವನಾಗಿ ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಟ್ಯಾಂಕರ್ ಡ್ರೈವರ್‌ಗೆ ತಿಂಡಿ ಕೊಡಿಸಿ ವಾಪಸ್ ಕಳಿಸಿದೆ, ಬಾಡಿಗೆ ಅರ್ಧ ದಿನದ್ದು ಅಂತ ವೋಚರ್ ಬರೆದೆ.

ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಬಿಳಿ ಮಂಕಾಗತೊಡಗಿತ್ತು. ಕಂಟಿನ್ಯೂಟಿ ಹೋಯಿತು, ಹಿಂದಿನ ದಿನದ ಶಾಟಿಗೆ ಹೊಂದುವುದಿಲ್ಲ ಅಂತ ಕ್ಲೋಸಪ್‌ನಲ್ಲೇ ಮುಗಿಸಿದರು. ಅಷ್ಟೆಲ್ಲ ಮಾಡಿ ಟೀವಿಯಲ್ಲಿ ಹೂವು ಬಂದದ್ದು ಒಂದು ನಿಮಿಷವೂ ಇಲ್ಲ, ಅದರ ಮೇಲೆ ಅತ್ತೆಯ ಫ್ಲ್ಯಾಶ್‌ಬ್ಯಾಕ್ ಬೇರೆ.

ಪ್ಯಾಕಪ್ ದಿನ ಸಾಮಾನು ಲೆಕ್ಕ ಹಾಕಿದಾಗ ಬೆಳಕು ತಡೆಯಲು ಕಟ್ಟುವ ದೊಡ್ಡ ಕರಿಬಟ್ಟೆ ಒಂದು ಕಮ್ಮಿ. ಅದರ ದುಡ್ಡನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು. ಆ ಸಂಬಳವೂ ಬಂದದ್ದು ಮೂರು ತಿಂಗಳ ಮೇಲೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ವರ್ಷ ಫೆಬ್ರವರಿಯಲ್ಲಿ ರೈಟರ್ ಫೋನ್ ಮಾಡಿದ್ದರು. ಸೀರಿಯಲ್ ಯಾವತ್ತೋ ನಿಂತಿದೆ, ನಾನೂ ಆ ಕೆಲಸ ಬಿಟ್ಟಿದ್ದೇನೆ. ಸ್ಪ್ರಿಂಕ್ಲರ್ ಶುರು ಮಾಡಿದ್ದೇವೆ, ಈ ಸಲ ಬರಲ್ವಾ ಅಂತ ಕೇಳಿದರು. ಇಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ‘ನಿಮ್ಮೋರು ಒಂದು ಕರಿಬಟ್ಟೆ ಬಿಟ್ಟು ಹೋಗಿದ್ರಲ್ಲ, ಮೆಣಸು ಒಣಗಿಸಕ್ಕೆ ಹಾಕ್ಕಂಡಿದೀವಿ. ಬೇಗ ಒಣಗುತ್ತೆ ಅದರಲ್ಲಿ. ವಾಪಸ್ ಬೇಕಿತ್ತಾ?’ ಅಂದರು.

ಇಟ್ಟುಕೊಳ್ಳಿ ಅಂದೆ. ದುಡ್ಡು ಕೊಟ್ಟಾಗಿದೆ.