ತಿಳುವಳಿಕೆ ಇಲ್ವಾ ಅಂತ ಕೇಳಬೇಡಿ

"ಫ್ರೀ ಕೊಡ್ತಾರಲ್ಲ, ಆದ್ರೂ ಈ ಜನ ಮಕ್ಕಳಿಗೆ ಯಾಕೆ ಲಸಿಕೆ ಹಾಕಿಸಲ್ಲ? ತಿಳುವಳಿಕೆ ಇಲ್ವಾ?"

ಪುಣೆಯಲ್ಲಿ ಕಟ್ಟಡ ಏಳುವ ಸೈಟುಗಳಲ್ಲಿ ಬಸುರಿಯರ, ಬಾಣಂತಿಯರ ಊಟ-ಮಾತ್ರೆ ಮತ್ತು ಮಕ್ಕಳ ಲಸಿಕೆ ನೋಡಿಕೊಳ್ಳುವುದು ನನ್ನ ಕೆಲಸ. ಈ ಪ್ರಶ್ನೆಯನ್ನು ಮದುವೆ ಮನೆಯಲ್ಲಿ ಕೇಳಿದ್ದಾರೆ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ಕೇಳಿದ್ದಾರೆ, ಲಿಫ್ಟಿನಲ್ಲೂ ಕೇಳಿದ್ದಾರೆ. ಮೊದಮೊದಲು ಸಮಾಧಾನದಿಂದ ಹೇಳುತ್ತಿದ್ದೆ. ಈಗ ಆಗುವುದಿಲ್ಲ. ಬರೆದೇಬಿಡುತ್ತೇನೆ.

ಮೊದಲು ಆ "ಈ ಜನ" ಅನ್ನುವ ಮಾತು ಬಿಡಿ. ಅವರು ಯಾದಗಿರಿಯವರು, ಕಲಬುರಗಿಯವರು, ವಿಜಯಪುರದವರು. ಹಿಂಜವಡಿ, ವಾಘೋಲಿ ಕಡೆ ನಾವು ಸಾಲ ಮಾಡಿ ಕೊಂಡ ಫ್ಲಾಟುಗಳಿಗೆ ಇಟ್ಟಿಗೆ ಹೊತ್ತವರು. ನಮ್ಮ ಭಾಷೆಯನ್ನೇ ಆಡುವವರು. ಈ ಪ್ರಶ್ನೆ ಕನ್ನಡದಲ್ಲಿ ಬಂದಾಗ ನನಗೆ ಜಾಸ್ತಿ ನೋಯುವುದು ಅದಕ್ಕೇ.

ಒಂದು ದಿನದ ಕಥೆ ಹೇಳುತ್ತೇನೆ. ಸೈಟಿನಲ್ಲಿ ಲಸಿಕೆ ಶಿಬಿರ ಇತ್ತು. ಬೆಳಗ್ಗೆ ಹತ್ತಕ್ಕೆ ಶುರು, ಹನ್ನೆರಡೂವರೆಗೆ ಮುಗಿಯಿತು. ಸಿಸ್ಟರ್ ಐಸ್ ಪ್ಯಾಕ್ ಇಟ್ಟ ಡಬ್ಬಿ ಮುಚ್ಚಿಕೊಂಡು ಹೊರಟರು. ನಾನು ರಿಜಿಸ್ಟರ್ ಬರೆಯುತ್ತಾ ಅಲ್ಲೇ ಉಳಿದಿದ್ದೆ. ಐದಕ್ಕೆ ಸ್ವಲ್ಪ ಮೊದಲು ಒಬ್ಬಳು ಓಡಿ ಬಂದಳು. ಕೈಯಲ್ಲಿ ಇನ್ನೂ ಸಿಮೆಂಟು. ಸೊಂಟದಲ್ಲಿ ಹತ್ತು ತಿಂಗಳ ಮಗು. ಸೀರೆಯ ಮಡಿಲಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಒಳಗೆ ಊರಿನ ತಾಯಿ ಕಾರ್ಡು, ಮಡಿಚಿದ ಗೆರೆ ಕೂಡ ಹರಿಯದ ಹಾಗೆ ಇಟ್ಟುಕೊಂಡಿದ್ದಳು. ಹುಟ್ಟಿದಾಗಿನ ಬಿಸಿಜಿ (ಕ್ಷಯದ ಲಸಿಕೆ) ಇದೆ, ಪೋಲಿಯೋ ಇದೆ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಹಾಕುವ ಮೂರೂ ಪೆಂಟಾ, ಅಂದರೆ ಐದು ಕಾಯಿಲೆ ತಡೆಯುವ ಲಸಿಕೆ, ಇದೆ.

"ದಡಾರದ್ದು ಒಂದು ಉಳಿದೈತ್ರಿ ಅಕ್ಕಾರ. ಒಂಬತ್ತು ತಿಂಗಳಿಗೆ ಹಾಕಸ್ರಿ ಅಂದಿದ್ರು. ಮುಕಾದಮ ಬಿಡಲಿಲ್ರಿ, ಅರ್ಧ ಹಾಜರಿ ಹೋಗ್ತೈತಿ ಅಂದ."

ಮುಕಾದಮ ಅಂದರೆ ಕೂಲಿಯವರ ಮೇಸ್ತ್ರಿ, ಹಾಜರಿ ಅಂದರೆ ದಿನದ ಕೂಲಿ. ಅವಳಿಗೆ ಗೊತ್ತಿರಲಿಲ್ಲ ಅನ್ನುತ್ತೀರಾ? ಯಾವ ಲಸಿಕೆ, ಯಾವ ತಿಂಗಳು, ಎಷ್ಟು ತಡವಾಗಿದೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಇಲ್ಲದೇ ಇದ್ದದ್ದು ಲಸಿಕೆ. ದಡಾರ-ರುಬೆಲ್ಲಾ ಲಸಿಕೆ ಪುಡಿಯಾಗಿ ಬರುತ್ತದೆ. ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ತೆರೆಯದ ಬಾಟಲಿಯೂ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲೇ ಇರಬೇಕು, ಅದಕ್ಕೇ ಡಬ್ಬಿ ಆರೋಗ್ಯ ಕೇಂದ್ರಕ್ಕೆ ವಾಪಸ್ ಹೋಗಿತ್ತು. ಈ ನಿಯಮ ಸರಿಯಾಗಿದೆ, ಅದನ್ನು ನಾನು ದೂರುವುದಿಲ್ಲ. ಹೆಂಗಸರು ಮೇಲಿನ ಅಂತಸ್ತಿನಲ್ಲಿ ಮಾಲು ಹೊರುವ ಹೊತ್ತಿಗೇ ಶಿಬಿರ ಇಟ್ಟಿದ್ದು ನಾವು. ನಮಗೆ ಅನುಕೂಲವಾದ ಸಮಯ ಅದು.

ಮುಂದಿನ ಶಿಬಿರ ಒಂದು ತಿಂಗಳ ಮೇಲೆ. ಅಷ್ಟರಲ್ಲಿ ಅಲ್ಲಿ ಪ್ಲಾಸ್ಟರ್ ಮುಗಿದಿತ್ತು. ಆ ತಂಡ ಪುಣೆಯ ಹೊರಗಿನ ಚಾಕಣ ಕಡೆ ಹೋಯಿತು ಅಂದರು. ಮೂರು ವಾರ ಫೋನ್ ಮಾಡಿದೆ. ಸ್ವಿಚ್ ಆಫ್.

ದಡಾರ ಸುಮ್ನೆ ಕಾಯುವ ಕಾಯಿಲೆ ಅಲ್ಲ. ನೂರರಲ್ಲಿ ತೊಂಬತ್ತೈದು ಮಕ್ಕಳಿಗೆ ಎರಡೂ ಡೋಸ್ ಬಿದ್ದಿರದಿದ್ದರೆ ಅದು ದಾರಿ ಹುಡುಕಿಕೊಳ್ಳುತ್ತದೆ. 2022ರ ಕೊನೆಯಲ್ಲಿ ಮುಂಬೈನ ಗೋವಂಡಿಯಲ್ಲಿ ಏನಾಯಿತು ನೋಡಿದೆವಲ್ಲ, ದಡಾರ ಹಬ್ಬಿ ಮಕ್ಕಳು ಸತ್ತರು. ಆಗಲೂ ಟಿವಿಯಲ್ಲಿ ಇದೇ ಮಾತು: ಜನರಿಗೆ ಅರಿವಿಲ್ಲ.

ಇನ್ನೊಂದು ತೊಡಕಿದೆ. ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರೆ. ಎರಡು-ಮೂರು ತಿಂಗಳ ಕೂಸು ಎತ್ತಿಕೊಂಡು ಪುಣೆಗೆ ಬರುತ್ತಾರೆ. ಊರಿನ ರಿಜಿಸ್ಟರಿನಲ್ಲಿ "ವಲಸೆ ಹೋಗಿದ್ದಾರೆ" ಅಂತ ಬರೆಯುತ್ತಾರೆ. ಇಲ್ಲಿನ ರಿಜಿಸ್ಟರಿನಲ್ಲಿ ಹೆಸರೇ ಇರುವುದಿಲ್ಲ. ಎರಡು ರಾಜ್ಯಗಳ ನಡುವೆ ಆ ಮಗು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅಂಥ ಎಷ್ಟೋ ಕಾರ್ಡುಗಳನ್ನು ನಾನು ಮರಾಠಿ ಸಿಸ್ಟರುಗಳಿಗೆ ಓದಿ ಹೇಳಿದ್ದೇನೆ. ಓದಿದ ಕೂಡಲೇ ಅವರು ಕೆಲಸ ಮಾಡುತ್ತಾರೆ. ಅವರನ್ನು ಬೈಯುವವರ ಮೇಲೂ ನನಗೆ ಸಿಟ್ಟಿದೆ. ಒಬ್ಬ ಸಿಸ್ಟರ್ ಎಷ್ಟು ಸೈಟು ಅಂತ ಸುತ್ತಬೇಕು?

ನನಗೆ ಬೇರೆ ಒಂದು ಪ್ರಶ್ನೆ ಯಾರಾದರೂ ಕೇಳಲಿ ಅಂತ ಆಸೆ. ಅವಳು ಎಷ್ಟು ಗಂಟೆಗೆ ಉಣ್ಣುತ್ತಾಳೆ?

ಇದನ್ನು ನನಗೆ ಕಲಿಸಿದ್ದು ಐದು ತಿಂಗಳ ಬಸುರಿ ಒಬ್ಬಳು. ಕಣ್ಣ ರೆಪ್ಪೆಯ ಒಳಗೆಲ್ಲ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ ಎಂಟು. ಬಸುರಿಗೆ ಹನ್ನೊಂದಾದರೂ ಇರಬೇಕು. ದೇಶದಲ್ಲಿ ಬಸುರಿಯರ ಅರ್ಧಕ್ಕಿಂತ ಜಾಸ್ತಿ ಮಂದಿಗೆ ರಕ್ತ ಕಡಿಮೆ, 2019-21ರ ಆರೋಗ್ಯ ಸಮೀಕ್ಷೆಯಲ್ಲಿ ಶೇಕಡಾ 52. ಅವಳಿಗೆ ಕಬ್ಬಿಣದ ಕೆಂಪು ಮಾತ್ರೆ ಕೊಟ್ಟಿದ್ದೆವು. ಪಟ್ಟಿಗೆ ಪಟ್ಟಿ ಹಾಗೇ ಉಳಿದಿತ್ತು. ಯಾಕಮ್ಮ ಅಂದರೆ, ವಾಂತಿ ಬರುತ್ತದೆ ಅಂದಳು. "ಊಟ ಆದ ಮೇಲೆ ತಗೋ ಅಂತ ಹೇಳಿದ್ದೆನಲ್ಲ?" ಅಂದೆ. ನನ್ನ ದನಿ ಸ್ವಲ್ಪ ಗಟ್ಟಿಯಾಗೇ ಇತ್ತು.

"ಯಾವ ಊಟದ ಮ್ಯಾಲ್ರೀ ಅಕ್ಕಾರ?"

ಐದಕ್ಕೆ ಎದ್ದು ನೀರು ಹಿಡಿಯಬೇಕು, ರೊಟ್ಟಿ ಬಡಿಯಬೇಕು. ಗಂಡ, ಮೈದುನ, ಮಕ್ಕಳು ತಿಂದ ಮೇಲೆ ಇವಳಿಗೆ ಒಂದು ಲೋಟ ಚಾ. ಎಂಟಕ್ಕೆ ಕೆಲಸ. ಒಂದಕ್ಕೆ ಊಟದ ಬಿಡುವು, ಆ ಅರ್ಧ ಗಂಟೆ ಮಗುವಿಗೆ ತಿನ್ನಿಸುವುದಕ್ಕೇ ಸಾಲದು. ರಾತ್ರಿ ಉಳಿದರೆ ಉಂಟು. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ಚಾ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬಸುರಿನಲ್ಲಿ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ ಮಾತ್ರೆ ತಿನ್ನಬೇಕು ಅಂತ ನಾವು ಪಾಠ ಹೇಳುತ್ತೇವೆ. ಒಂದು ಹೊತ್ತಿನ ಊಟದ ಬಗ್ಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವತ್ತಿನಿಂದ ಮಾತ್ರೆ ಕೊಡುವ ಮೊದಲು ಊಟದ ಹೊತ್ತು ಕೇಳುತ್ತೇನೆ. ಸಂಜೆ ಗುಡಿಸಲಿಗೆ ಹೋಗಿ ಅತ್ತೆ, ಗಂಡ ಕೂತಿರುವಾಗಲೇ ಮಾತಾಡುತ್ತೇನೆ. ಅವಳ ರೊಟ್ಟಿ ಮೊದಲೇ ಎತ್ತಿಡಿ, ರಾತ್ರಿ ಅವಳು ಉಂಡ ಮೇಲೆ ಮಾತ್ರೆ ನೀವೇ ಕೊಡಿ ಅನ್ನುತ್ತೇನೆ. ಕೆಲವು ಗಂಡಂದಿರು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ. ಒಬ್ಬ ಮಾತ್ರೆ ಪಟ್ಟಿಯನ್ನು ತನ್ನ ತಂಬಾಕಿನ ಚೀಲದಲ್ಲೇ ಇಟ್ಟುಕೊಂಡಿದ್ದ. ಅದನ್ನಂತೂ ಮರೆಯೋದೇ ಇಲ್ಲ ಅಂದ.

ಲಸಿಕೆಯ ಹೊತ್ತನ್ನೂ ಬದಲಿಸಲು ಹೋರಾಡಿದೆವು. ಈಗ ಎರಡು ಸೈಟುಗಳಲ್ಲಿ ಶಿಬಿರ ಹನ್ನೆರಡೂವರೆಗೆ ಶುರುವಾಗುತ್ತದೆ, ಒಂದರ ಊಟದ ಬಿಡುವಿನಲ್ಲಿ ಸಿಗುವ ಹಾಗೆ. ಐವತ್ತಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ಸೈಟಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕೋಣೆ ಇರಬೇಕು ಅಂತ 1996ರ ಕಾನೂನೇ ಹೇಳಿತ್ತು; 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಕಾನೂನು ಬಂದಿದೆ. ಕೋಣೆಯ ಬೇಡಿಕೆ ಹಿಡಿದುಕೊಂಡು ಕಂಟ್ರಾಕ್ಟರುಗಳ ಹತ್ತಿರ ಹೋಗುತ್ತಿದ್ದೇನೆ. ಕೋಣೆ ಸಿಕ್ಕರೆ ಮಕ್ಕಳೆಲ್ಲ ಒಂದೇ ಕಡೆ ಸಿಗುತ್ತಾರೆ, ತಾಯಿಯ ಹಾಜರಿಯೂ ಹೋಗುವುದಿಲ್ಲ.

ಚಾಕಣ ಕಡೆ ಹೋದಾಗಲೆಲ್ಲ ಆ ಪ್ಲಾಸ್ಟಿಕ್ ಚೀಲದ ಕಾರ್ಡು ಹುಡುಕುತ್ತೇನೆ. ಆ ಮಗುವಿಗೆ ಈಗ ಎರಡನೇ ಡೋಸಿನ ವಯಸ್ಸು.