ಅಮ್ಮ ಹಾಕುತ್ತಿದ್ದ ನೀಲಿ

"ಅಯ್ಯೋ, ಇದು ಇಷ್ಟು ನೀಲಿ ಇತ್ತಾ?"

ಬುಧವಾರ ಬೆಳಗ್ಗೆ ತಂತಿ ಮೇಲೆ ಒಣಗುತ್ತಿದ್ದ ಅಪ್ಪನ ಪಂಚೆ ನೋಡಿ ಅಮ್ಮ ಕೇಳಿದ್ದು ಇಷ್ಟೇ. ಬಲಗಣ್ಣಿನ ಪೊರೆ ತೆಗೆಸಿ ಎರಡು ದಿನ ಆಗಿತ್ತು. ಆ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ.

ಎರಡು ವರ್ಷದಿಂದ ನಮಗೆ ಇದೇ ಜಗಳ. ಬಿಳಿ ಬಟ್ಟೆಗೆ ನೀಲಿ ಜಾಸ್ತಿ ಹಾಕ್ತೀಯ ಅಂತ ನಾನು ರೇಗುತ್ತಿದ್ದೆ. "ಎಷ್ಟು ಉಜ್ಜಿದರೂ ಹಳದಿ ಹೋಗ್ತಿಲ್ಲ ಕಣೇ" ಅನ್ನುತ್ತಿದ್ದಳು. ಅತ್ತೆಯಂತೂ "ವಯಸ್ಸಾಯ್ತು, ಅಂದಾಜು ಸಿಗಲ್ಲ ಅವಳಿಗೆ" ಅಂತ ಎಲ್ಲರೆದುರು ಹೇಳೋರು. ಆ ಮಾತು ಆಡಬಾರದಿತ್ತು. ಅಪ್ಪ ಮಾತ್ರ ತುಟಿ ಬಿಚ್ಚದೆ ಆ ಪಂಚೆಯನ್ನೇ ಉಟ್ಟು ದೇವಸ್ಥಾನಕ್ಕೆ ಹೋಗುತ್ತಿದ್ದರು. ಆ ದೊಡ್ಡ ಮನಸ್ಸು ನನಗಿರಲಿಲ್ಲ.

ಅಮ್ಮ ಅಲ್ಲೇ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿದಳು. ಎಡಗಣ್ಣಿಗೆ ಪಂಚೆ ಟೀ ನೀರಲ್ಲಿ ಅದ್ದಿ ತೆಗೆದ ಹಾಗೆ. ಬಲಗಣ್ಣಿಗೆ ತಿಳಿ ನೀಲಿ. ಮತ್ತೆ ಎಡ, ಮತ್ತೆ ಬಲ. ಪಂಚೆ ಅದೇ, ಬಿಸಿಲೂ ಅದೇ.

ವಯಸ್ಸಾದ ಹಾಗೆ ಕಣ್ಣೊಳಗಿನ ಲೆನ್ಸ್ ಹಳದಿಗೆ ತಿರುಗುತ್ತೆ. ಹಳದಿ ಗಾಜಿನ ಹಾಗೆ ನೀಲಿ ಬೆಳಕನ್ನು ತಡೆಯುತ್ತೆ. ವರ್ಷಗಟ್ಟಲೆ ನಿಧಾನಕ್ಕೆ ಆಗುವುದರಿಂದ ಮಿದುಳು ಹೊಂದಿಕೊಂಡುಬಿಡುತ್ತೆ. ಕಣ್ಣಿನ ಮೇಲೆ ಯಾರಿಗೂ ಅನುಮಾನ ಬರಲ್ಲ, ಬಟ್ಟೆಯ ಮೇಲೇ ಬರುತ್ತೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆಗೂ ಪೊರೆ ಬಂದಿತ್ತು. ಆ ವರ್ಷಗಳಲ್ಲಿ ಅವರು ಬರೆದ ತೋಟ, ಸೇತುವೆಗಳಲ್ಲಿ ಕೆಂಪು, ಕಂದು ತುಂಬಿಕೊಂಡಿದೆ. 1923ರಲ್ಲಿ ಬಲಗಣ್ಣಿನ ಆಪರೇಷನ್ ಆದಮೇಲೆ ಎಲ್ಲ ನೀಲಿ ಕಾಣುತ್ತೆ ಅಂತ ದೂರಿದರು. ಪೊರೆ ಇದ್ದಾಗ ಬಣ್ಣದ ಟ್ಯೂಬಿನ ಮೇಲಿನ ಹೆಸರು ಓದಿ ಬಣ್ಣ ಆರಿಸುತ್ತಿದ್ದರಂತೆ. ಅಮ್ಮನ ಬಕೆಟ್ಟಿನ ನೀರಿನ ಮೇಲೆ ಯಾವ ಹೆಸರಿತ್ತು? ಅವಳು ಕಣ್ಣನ್ನೇ ನಂಬಬೇಕಿತ್ತು.

ಹೋದ ಗಣೇಶ ಹಬ್ಬಕ್ಕೆ ನಾನು ಕಡುನೀಲಿ ಸೀರೆ ತಂದುಕೊಟ್ಟಿದ್ದೆ. "ಹಬ್ಬಕ್ಕೆ ಕಪ್ಪು ಯಾಕೆ ತಂದೆ?" ಅಂತ ಬೀರುವಿನೊಳಗೆ ಇಟ್ಟುಬಿಟ್ಟಳು. ತಿಂಗಳುಗಟ್ಟಲೆ ಆ ಬೇಜಾರು ಇತ್ತು ನನಗೆ. ಅವಳಿಗೆ ಅದು ನಿಜವಾಗಿಯೂ ಕಪ್ಪೇ ಆಗಿತ್ತು, ಅಲ್ವಾ? ನಾವಿಬ್ಬರೂ ಸುಳ್ಳು ಹೇಳಿರಲಿಲ್ಲ. ಒಂದೇ ಮನೆಯಲ್ಲಿದ್ದು ಬೇರೆ ಬೇರೆ ಸೀರೆ ನೋಡುತ್ತಿದ್ದೆವು.

ಕಣ್ಣಿಗೆ ನೀರು ಸೋಕಬಾರದು ಅಂತ ಈಗ ಬಟ್ಟೆ ಒಗೆಯುವವಳು ನಾನು. ನಿನ್ನೆ ಅಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬಕೆಟ್ ನೋಡುತ್ತಿದ್ದಳು.

"ಸಾಕು ಸಾಕು, ಎರಡೇ ಹನಿ."